ಆರು ತಿಂಗಳಿಗೆ ಬೇರೆ ಶಾಖೆ: ಯಾರನ್ನು ಕಳುಹಿಸಬೇಕು, ಕಳುಹಿಸಿದರೆ ಏನು ಸಿಗುತ್ತದೆ?

ಮುಲುಂಡಿನ ಶಾಖಾಧಿಕಾರಿ (ಚರ್ಚೆ ಆರಂಭಿಸಿದವರು):

ಎಲ್ಲರಿಗೂ ನಮಸ್ಕಾರ. ದಕ್ಷಿಣ ಮುಂಬಯಿಯ ಕೇಂದ್ರ ಸರ್ಕಾರಿ ಕಚೇರಿಯೊಂದರಲ್ಲಿ ನಾನು ಶಾಖಾಧಿಕಾರಿ. ಕಳೆದ ವಾರ ನಮಗೊಂದು ಸುತ್ತೋಲೆ ಬಂದಿದೆ. ಪ್ರತಿ ಶಾಖೆಯಿಂದ ಒಬ್ಬರನ್ನು ಆರು ತಿಂಗಳ ಮಟ್ಟಿಗೆ ಬೇರೊಂದು ಶಾಖೆಗೆ ಕಳುಹಿಸಬೇಕು, ಅವಧಿ ಮುಗಿದ ಮೇಲೆ ಅವರು ಮರಳಿ ಬರುತ್ತಾರೆ, ಇದು ವರ್ಗಾವಣೆಯಲ್ಲ, ಡೆಪ್ಯುಟೇಶನ್ನೂ (ಬೇರೆ ಇಲಾಖೆಗೆ ಎರವಲು ಸೇವೆ) ಅಲ್ಲ, ನೌಕರರ ಬೆಳವಣಿಗೆಗಾಗಿ ಮಾಡುತ್ತಿರುವ ತಾತ್ಕಾಲಿಕ ರೊಟೇಶನ್ ಎಂದು ಅದರಲ್ಲಿದೆ. ಹೆಸರು ಕೊಡಲು ನನಗೆ ಎರಡು ವಾರದ ಗಡುವಿದೆ.

ನನ್ನ ಶಾಖೆಯಲ್ಲಿ ಆರು ಜನರಿದ್ದಾರೆ. ತಾನಾಗಿ ಮುಂದೆ ಬಂದವರು ಒಬ್ಬರೇ, ಪಿಂಚಣಿ ಸೀಟು ನೋಡುವ ಸಹಾಯಕಿ. ಒಂಬತ್ತು ವರ್ಷಗಳಿಂದ ಅವರು ಅದೇ ಸೀಟಿನಲ್ಲಿದ್ದಾರೆ. ಯಾರ ಸೇವಾ ಪುಸ್ತಕದಲ್ಲಿ ಯಾವ ರಜೆ ನಮೂದಾಗದೆ ಉಳಿದಿದೆ, ಯಾವ ಹಳೆಯ ಕಚೇರಿಗೆ ಯಾರ ಹೆಸರಿಗೆ ಬರೆದರೆ ಉತ್ತರ ಬರುತ್ತದೆ ಎಂಬುದೆಲ್ಲ ಅವರ ತಲೆಯಲ್ಲಿದೆ. ತಲೆಯಲ್ಲಿ ಹಿಡಿಸದೆ ಉಳಿದದ್ದು ಹಸಿರು ರಟ್ಟಿನ ಡೈರಿಯೊಂದರಲ್ಲಿದೆ. ನೌಕರರು 18 ವರ್ಷ ಸೇವೆ ಮುಗಿಸಿದಾಗ ಒಮ್ಮೆ, ನಿವೃತ್ತಿಗೆ 5 ವರ್ಷ ಉಳಿದಾಗ ಮತ್ತೊಮ್ಮೆ ಅರ್ಹ ಸೇವೆಯನ್ನು, ಅಂದರೆ ಪಿಂಚಣಿಯ ಲೆಕ್ಕಕ್ಕೆ ಬರುವ ಸೇವೆಯನ್ನು, ಪರಿಶೀಲಿಸಿ ಪ್ರಮಾಣಪತ್ರ ಕೊಡಬೇಕೆಂಬ ನಿಯಮವಿರುವುದು ಇಲ್ಲಿನ ಅನೇಕರಿಗೆ ಗೊತ್ತಿರಬಹುದು. ನಮ್ಮಲ್ಲಿ ವರ್ಷಗಟ್ಟಲೆ ಬಾಕಿ ಬಿದ್ದಿದ್ದ ಆ ಕೆಲಸವನ್ನು ಯಾರೂ ಹೇಳದೆಯೇ ಒಂದೊಂದಾಗಿ ಎತ್ತಿ ಮುಗಿಸುತ್ತಿರುವವರು ಇವರು.

ಅವರು ಕೇಳಿರುವುದು ಲೆಕ್ಕಪತ್ರ ಶಾಖೆಯನ್ನು. "ನಾನು ಕಳಿಸಿದ ಕೇಸುಗಳು ಆಕ್ಷೇಪಣೆ ಹೊತ್ತು ಯಾಕೆ ವಾಪಸು ಬರುತ್ತವೆ ಅಂತ ಆ ಕಡೆ ಕೂತು ನೋಡಬೇಕು ಸರ್" ಎಂದರು. ಮಾತು ಸರಿಯಾಗಿದೆ. ಆದರೆ ಮುಂದಿನ ಆರು ತಿಂಗಳಲ್ಲಿ ನಮ್ಮಲ್ಲಿ ಹನ್ನೊಂದು ಜನ ನಿವೃತ್ತರಾಗುತ್ತಿದ್ದಾರೆ. ಕಳುಹಿಸಿ ನಾನು ನಿರಾಳವಾಗಬಹುದಾದ ಇನ್ನೊಬ್ಬರು ಶಾಖೆಯಲ್ಲಿದ್ದಾರೆ ಎಂಬುದನ್ನೂ ಮುಚ್ಚಿಡದೆ ಹೇಳಿಬಿಡುತ್ತೇನೆ. ಅನುಭವ ಇರುವವರು ಹೇಳಬೇಕು, ಇಂಥ ರೊಟೇಶನ್ನಿನಿಂದ ನಿಜವಾಗಿ ಏನಾದರೂ ದಕ್ಕುತ್ತದೆಯೇ?

ಡೊಂಬಿವಲಿಯ ನಿವೃತ್ತ ಅಧಿಕಾರಿ:

ರಾಜ್ಯ ಸರ್ಕಾರದ ಸೇವೆಯಲ್ಲಿ ಮೂವತ್ತಮೂರು ವರ್ಷ ಕಳೆದವನ ಮಾತೆಂದು ಇದನ್ನು ಓದಿಕೊಳ್ಳಿ. ನಮ್ಮ ಕಚೇರಿಗಳಲ್ಲಿ ಸೀಟು ಬದಲಾವಣೆ ಎಂಬ ಮಾತು ಕಿವಿಗೆ ಬಿದ್ದೊಡನೆ ನೌಕರರ ಮುಖ ಸಪ್ಪಗಾಗುತ್ತದೆ, ಅದಕ್ಕೆ ಕಾರಣವೂ ಇದೆ. ಮಹಾರಾಷ್ಟ್ರದಲ್ಲಿ 2005ರ ವರ್ಗಾವಣೆ ನಿಯಂತ್ರಣ ಕಾಯ್ದೆಯ ಪ್ರಕಾರ ಒಂದು ಹುದ್ದೆಯ ಸಾಮಾನ್ಯ ಅವಧಿ 3 ವರ್ಷ, ವರ್ಗಾವಣೆಗಳೆಲ್ಲ ಸಾಮಾನ್ಯವಾಗಿ ಎಪ್ರಿಲ್ ಅಥವಾ ಮೇ ತಿಂಗಳಲ್ಲಿ ಆಗಬೇಕು. ನಿಮ್ಮ ಕೇಂದ್ರ ಸರ್ಕಾರದಲ್ಲಾದರೆ, ಸೂಕ್ಷ್ಮ ಹುದ್ದೆಗಳಲ್ಲಿ ಇರುವವರನ್ನು ಎರಡು-ಮೂರು ವರ್ಷಕ್ಕೊಮ್ಮೆ ಬದಲಿಸಬೇಕೆಂದು ಕೇಂದ್ರ ಜಾಗೃತ ಆಯೋಗ ಮತ್ತೆ ಮತ್ತೆ ಹೇಳುತ್ತಲೇ ಬಂದಿದೆ. ಒಬ್ಬನೇ ಒಂದೇ ಟೇಬಲ್ಲಿನಲ್ಲಿ ಬೇರು ಬಿಟ್ಟರೆ ಗುತ್ತಿಗೆದಾರನ ಜೊತೆ ಸಲಿಗೆ ಬೆಳೆಯುತ್ತದೆ ಎಂಬ ಭಯ ಅದರ ಹಿಂದಿದೆ. ಆ ಭಯ ಸುಳ್ಳೆಂದು ನಾನು ಹೇಳುವುದಿಲ್ಲ. ಆದರೆ ಅದು ಸಂಶಯದಿಂದ ಹುಟ್ಟಿದ ಬದಲಾವಣೆ, ನಿಮ್ಮ ಸುತ್ತೋಲೆ ಹೇಳುತ್ತಿರುವುದು ಕಲಿಕೆಯ ಬದಲಾವಣೆ. ಎರಡಕ್ಕೂ ರೊಟೇಶನ್ ಎಂದೇ ಹೆಸರಿಟ್ಟಿರುವುದರಿಂದ ಎರಡನೆಯದು ಬಂದಾಗಲೂ ಜನ ಮೊದಲನೆಯದೆಂದೇ ತಿಳಿಯುತ್ತಾರೆ. ನಿಮ್ಮ ಸಹಾಯಕಿ ಹೋದ ಮರುದಿನ ಕ್ಯಾಂಟೀನಿನಲ್ಲಿ, ಏನೋ ಕಂಪ್ಲೇಂಟ್ ಇತ್ತಂತೆ ಎಂದು ಯಾರಾದರೂ ಅಂದೇ ಅನ್ನುತ್ತಾರೆ, ಅದಕ್ಕೆ ಈಗಲೇ ಸಿದ್ಧರಾಗಿರಿ.

ಗೋರೆಗಾಂವ್‌ನ ಬ್ಯಾಂಕ್ ಅಧಿಕಾರಿ:

ಹಿರಿಯರು ಹೇಳಿದ ಸಂಶಯದ ಬದಲಾವಣೆ ಬ್ಯಾಂಕುಗಳಲ್ಲಿ ಇನ್ನೂ ನೇರವಾಗಿದೆ. ಸೂಕ್ಷ್ಮ ಜಾಗದಲ್ಲಿರುವ ನೌಕರರನ್ನು ವರ್ಷಕ್ಕೊಮ್ಮೆ, ಮುನ್ಸೂಚನೆ ಇಲ್ಲದೆ, ಒಟ್ಟಿಗೆ ಕನಿಷ್ಠ 10 ಕೆಲಸದ ದಿನ ರಜೆಯ ಮೇಲೆ ಕಳುಹಿಸಬೇಕೆಂದು 2021ರಲ್ಲಿ ರಿಸರ್ವ್ ಬ್ಯಾಂಕ್ ಸೂಚಿಸಿದೆ. ಆದರೆ ಈ ವಂಚನೆ ತಡೆಯುವ ಕ್ರಮದಿಂದ ನಮಗೊಂದು ಅನಿರೀಕ್ಷಿತ ಲಾಭವಾಯಿತು. ಆ ಹತ್ತು ದಿನ ಸೀಟು ನಡೆಸಲು ಇನ್ನೊಬ್ಬರು ಕಲಿತಿರಲೇಬೇಕಾಯಿತು. ಮುಲುಂಡಿನವರೇ, ಬೇಸರಿಸಬೇಡಿ, ಒಂಬತ್ತು ವರ್ಷಗಳಲ್ಲಿ ಆ ಸಹಾಯಕಿ ಹದಿನೈದು ದಿನ ಒಟ್ಟಿಗೆ ರಜೆ ಹಾಕಿದಾಗ ನಿಮ್ಮ ಪಿಂಚಣಿ ಕೇಸುಗಳನ್ನು ನೋಡುತ್ತಿದ್ದವರು ಯಾರು?

ಮುಲುಂಡಿನ ಶಾಖಾಧಿಕಾರಿ:

ಯಾರೂ ನೋಡುತ್ತಿರಲಿಲ್ಲ. ಅವರು ಬರುವವರೆಗೆ ಕಡತಗಳು ಕಾಯುತ್ತಿದ್ದವು. ನೀವು ಕೇಳಿದ ಮೇಲೆಯೇ ನನಗೆ ಇದು ಹೊಳೆದದ್ದು, ಒಪ್ಪಿಕೊಳ್ಳುತ್ತೇನೆ.

ಪುಣೆಯಿಂದ, ಕೇಂದ್ರ ಸರ್ಕಾರಿ ಉದ್ಯೋಗಿ:

ನಾನು ಇಂಥದೇ ಆರು ತಿಂಗಳನ್ನು ಕಳೆದು ಬಂದವಳು, ಆದ್ದರಿಂದ ಸ್ವಲ್ಪ ವಿಸ್ತಾರವಾಗಿ ಬರೆಯುತ್ತೇನೆ, ಕ್ಷಮೆಯಿರಲಿ. ಯಾವ ಇಲಾಖೆ ಎಂದು ಹೇಳುವುದಿಲ್ಲ.

ನಮ್ಮ ಪ್ರಾದೇಶಿಕ ಕಚೇರಿಯಿಂದ ನನ್ನನ್ನು ಮುಖ್ಯ ಕಚೇರಿಯ ಸಮನ್ವಯ ಶಾಖೆಗೆ ಕಳುಹಿಸಿದ್ದರು. ಮೊದಲ ಏಳು ವಾರ ನನಗೆ ಇ-ಆಫೀಸಿನ, ಅಂದರೆ ಕಡತಗಳನ್ನು ಕಂಪ್ಯೂಟರಿನಲ್ಲೇ ನಡೆಸುವ ವ್ಯವಸ್ಥೆಯ, ಲಾಗಿನ್ ಸಿಗಲಿಲ್ಲ. ನನ್ನ ಹೆಸರು ಹಳೆಯ ಕಚೇರಿಯ ಪಟ್ಟಿಯಲ್ಲೇ ಉಳಿದಿತ್ತು, ಅದನ್ನು ವರ್ಗಾಯಿಸಲು ಅವರು ಇವರನ್ನು ಕೇಳಬೇಕು, ಇವರು ಅವರನ್ನು ಕೇಳಬೇಕು. ಏಳು ವಾರವೂ ನಾನು ಪಕ್ಕದವರ ಪರದೆಯನ್ನು ನೋಡುತ್ತ, ಹಳೆಯ ಕಡತಗಳನ್ನು ಓದುತ್ತ, ಮಧ್ಯಾಹ್ನದ ಚಹಾಕ್ಕೆ ಎಲ್ಲರಿಗಿಂತ ಮೊದಲು ಏಳುತ್ತ ಕಾಲ ತಳ್ಳಿದೆ. ಅತಿಥಿಗೆ ಯಾರೂ ಕೆಲಸ ಹೇಳುವುದಿಲ್ಲ, ಮನೆಯವಳೆಂದು ಯಾರೂ ಲೆಕ್ಕಕ್ಕೆ ಹಿಡಿಯುವುದೂ ಇಲ್ಲ.

ಆಮೇಲೆ ಸಂಸತ್ತಿನ ಅಧಿವೇಶನ ಶುರುವಾಯಿತು. ಒಂದು ಸಂಜೆ ಚುಕ್ಕೆ ಗುರುತಿನ ಪ್ರಶ್ನೆಯೊಂದು (ಸಚಿವರು ಸದನದಲ್ಲಿ ಬಾಯಿಮಾತಿನಲ್ಲೇ ಉತ್ತರಿಸಬೇಕಾದದ್ದು) ಬಂತು, ಐದು ವರ್ಷದ ಅಂಕಿ-ಅಂಶ ಬೇಕಿತ್ತು, ಆ ಸೀಟಿನವರು ರಜೆಯಲ್ಲಿದ್ದರು. ಪ್ರಾದೇಶಿಕ ಕಚೇರಿಯಲ್ಲಿ ಇಷ್ಟು ವರ್ಷ ನಾನು ಬೈದುಕೊಂಡದ್ದು ಇದನ್ನೇ: ಬೆಳಗ್ಗೆ ಹನ್ನೊಂದಕ್ಕೆ ಇಮೇಲ್ ಕಳುಹಿಸಿ ಮಧ್ಯಾಹ್ನ ಮೂರಕ್ಕೆ ಮಾಹಿತಿ ಕೊಡಿ ಎನ್ನುವ ಈ ಜನರಿಗೆ ತಲೆ ನೆಟ್ಟಗಿದೆಯೇ ಎಂದು. ಆ ದಿನ ಆ ಇಮೇಲ್ ಬರೆದವಳು ನಾನೇ ಆದೆ. ಹದಿನಾಲ್ಕು ಕಚೇರಿಗಳಿಗೆ ಬರೆದೆ, ಒಂಬತ್ತರಿಂದ ಉತ್ತರ ಬಂತು, ಅವುಗಳಲ್ಲಿ ಮೂರು ಬೇರೆ ಬೇರೆ ನಮೂನೆಯಲ್ಲಿದ್ದವು, ಒಂದರಲ್ಲಿ ಕಳೆದ ವರ್ಷ ಅವರೇ ಕೊಟ್ಟಿದ್ದ ಅಂಕಿಗೂ ಈ ವರ್ಷದ ಅಂಕಿಗೂ ತಾಳೆಯೇ ಇರಲಿಲ್ಲ. ಆ ತಾಳೆ ಇಲ್ಲದ ಅಂಕಿ ನನ್ನ ಸ್ವಂತ ಕಚೇರಿಯದು, ಕಳೆದ ವರ್ಷ ಅದನ್ನು ತಯಾರಿಸಿದವಳು ನಾನು. ಮುಖ್ಯ ಉತ್ತರ ಬರೆದರೆ ಮುಗಿಯಿತು ಎಂದುಕೊಂಡಿದ್ದೆ. ಸದನದಲ್ಲಿ ಪೂರಕ ಪ್ರಶ್ನೆ ಯಾವ ದಿಕ್ಕಿನಿಂದ ಬರಬಹುದೆಂದು ಊಹಿಸಿ ಅದಕ್ಕೂ ಟಿಪ್ಪಣಿ ಸಿದ್ಧವಾಗಬೇಕೆಂದು ಅಧೀನ ಕಾರ್ಯದರ್ಶಿಗಳು ಪಕ್ಕದಲ್ಲಿ ಕುಳಿತು ಕಲಿಸಿದರು. ಮುಗಿಯುವಾಗ ರಾತ್ರಿ ಒಂಬತ್ತೂವರೆ. ಯಾವ ತರಬೇತಿ ಕೊಠಡಿಯೂ ನನಗೆ ಅಷ್ಟು ಕಲಿಸಿಲ್ಲ.

ಆರು ತಿಂಗಳು ಮುಗಿಸಿ ಮರಳಿದೆ. ಅಂಕಿ-ಅಂಶದ ಸೀಟಿನಲ್ಲಿ ಬೇರೊಬ್ಬರು ಕುಳಿತಿದ್ದರು. ನನಗೆ ಸಿಕ್ಕಿದ್ದು ರವಾನೆ ಶಾಖೆ, ಅಂದರೆ ಟಪಾಲು. ಒಂದು ವರ್ಷ ನಾನು ಲಕೋಟೆಗಳಿಗೆ ಸಂಖ್ಯೆ ಹಾಕಿದೆ. ಕಲಿತದ್ದನ್ನು ಯಾರೂ ಕೇಳಲಿಲ್ಲ, ಹೇಳಹೋದರೆ "ಮೇಡಂ ಈಗ ಮುಖ್ಯ ಕಚೇರಿಯವರು" ಎಂಬ ಕುಹಕ ಬೇರೆ. ಆದ್ದರಿಂದ ಮುಲುಂಡಿನ ಸರ್, ಅವರನ್ನು ಖಂಡಿತ ಕಳುಹಿಸಿ, ಆದರೆ ಮರಳಿ ಬಂದಾಗ ಅದೇ ಪಿಂಚಣಿ ಸೀಟು ಅವರದೆಂದು ಆದೇಶದಲ್ಲಿಯೇ ಬರೆಸಿ ಕಳುಹಿಸಿ.

ಕಲೀನಾದಿಂದ, ಲೋಕಾಡಳಿತದ ಅಧ್ಯಾಪಕ:

ಪುಣೆಯ ಸಹೋದರಿ ಬರೆದದ್ದನ್ನು ನಮ್ಮ ವಿದ್ಯಾರ್ಥಿಗಳಿಗೆ ಓದಿ ಹೇಳಬೇಕೆನಿಸಿತು. ಇದರ ಹಿಂದೆ ಒಂದು ಹಳೆಯ ಜಗಳವಿದೆ, ಅದರಲ್ಲಿ ನಮ್ಮ ಕನ್ನಡಿಗರಿಬ್ಬರ ಪಾಲೂ ಇದೆ. ಎಲ್ಲ ಇಲಾಖೆಗಳಲ್ಲಿ ಸ್ವಲ್ಪ ಸ್ವಲ್ಪ ಸುತ್ತಿ ಬಂದ ಆಡಳಿತಗಾರ ಮೇಲೋ, ಒಂದೇ ವಿಷಯದಲ್ಲಿ ಪಳಗಿದ ತಜ್ಞ ಮೇಲೋ ಎಂಬುದೇ ಆ ಜಗಳ. ಬ್ರಿಟನ್ನಿನಲ್ಲಿ 1968ರ ಫುಲ್ಟನ್ ಸಮಿತಿಯ ವರದಿ ಸರ್ವವಿಷಯಕ ಆಡಳಿತಗಾರರ ಆರಾಧನೆಯನ್ನು ಕಟುವಾಗಿ ಟೀಕಿಸಿತು. ನಮ್ಮಲ್ಲಿ ಮೊದಲ ಆಡಳಿತ ಸುಧಾರಣಾ ಆಯೋಗ 1966ರಲ್ಲಿ ಮೊರಾರ್ಜಿ ದೇಸಾಯಿ ಅವರ ಅಧ್ಯಕ್ಷತೆಯಲ್ಲಿ ಶುರುವಾಗಿ, ಬಳಿಕ ಅದರ ಅಧ್ಯಕ್ಷರಾದವರು ವಿಧಾನಸೌಧ ಕಟ್ಟಿಸಿದ ಕೆಂಗಲ್ ಹನುಮಂತಯ್ಯನವರು. ಆ ಆಯೋಗ 1969ರಲ್ಲಿ ಸಿಬ್ಬಂದಿ ಆಡಳಿತದ ಬಗ್ಗೆ ಕೊಟ್ಟ ವರದಿ, ಸಚಿವಾಲಯದ ಮಟ್ಟದಲ್ಲಿ ವಿಷಯ ಪರಿಣತಿ ಬೇಕೇ ಬೇಕೆಂದು ವಾದಿಸಿತು. ಎರಡನೆಯ ಆಯೋಗದ ಅಧ್ಯಕ್ಷರು ವೀರಪ್ಪ ಮೊಯಿಲಿ ಅವರು, ಅವರೂ 2008ರಲ್ಲಿ ಇದೇ ವಿಷಯದ ಮೇಲೆ ಪ್ರತ್ಯೇಕ ವರದಿ ಕೊಟ್ಟರು.

ತಾತ್ಕಾಲಿಕವಾಗಿ ಕಳುಹಿಸಿ ಕಲಿಸುವ ಪದ್ಧತಿಯೂ ಹೊಸದಲ್ಲ. 2013ರ ತಂಡದಿಂದ ಮೊದಲ್ಗೊಂಡು ಹೊಸ ಐಎಎಸ್ ಅಧಿಕಾರಿಗಳನ್ನು ಸಹಾಯಕ ಕಾರ್ಯದರ್ಶಿಗಳೆಂದು ಕೆಲವು ತಿಂಗಳ ಮಟ್ಟಿಗೆ ಕೇಂದ್ರ ಸಚಿವಾಲಯಗಳಲ್ಲಿ ಕೂರಿಸುವ ಕ್ರಮ 2015ರಲ್ಲಿ ಆರಂಭವಾಯಿತು. ಸೆಪ್ಟೆಂಬರ್ 2020ರಲ್ಲಿ ಸಂಪುಟ ಒಪ್ಪಿದ ಮಿಷನ್ ಕರ್ಮಯೋಗಿ ಎಂಬ ನೌಕರರ ತರಬೇತಿ ಯೋಜನೆ, ನಿಯಮಕ್ಕಿಂತ ಪಾತ್ರಕ್ಕೆ, ಅಂದರೆ ಹುದ್ದೆಯ ಕೆಲಸಕ್ಕೆ, ಒತ್ತು ಕೊಡುತ್ತೇನೆ ಎಂದಿತು. ಆದರೆ ಅದರ ಹೆಚ್ಚಿನ ಭಾಗ ಸಾಮಾನ್ಯ ನೌಕರನನ್ನು ತಲುಪಿರುವುದು ಐಗಾಟ್ ವೇದಿಕೆಯ ಆನ್‌ಲೈನ್ ಪಾಠಗಳ ರೂಪದಲ್ಲಿ, ವೀಡಿಯೊ ಓಡಿಸಿಟ್ಟು ಬೇರೆ ಕೆಲಸ ಮಾಡುವುದು ಎಷ್ಟು ಸುಲಭವೆಂದು ನಾನು ವಿವರಿಸಬೇಕಾಗಿಲ್ಲ.

ಇನ್ನು ಮುಂಬಯಿಯ ನಮ್ಮ ಕರ್ನಾಟಕ ಸಂಘದ ಸಭಾಗೃಹಕ್ಕೆ ಯಾರ ಹೆಸರಿದೆಯೋ ಅವರನ್ನೇ ನೋಡಿ. ಪುಣೆಯಲ್ಲಿ ಓದಿ 1884ರಲ್ಲಿ ಮುಂಬಯಿ ಪ್ರಾಂತದ ಲೋಕೋಪಯೋಗಿ ಇಲಾಖೆ ಸೇರಿದ ವಿಶ್ವೇಶ್ವರಯ್ಯನವರನ್ನು ಸರ್ಕಾರ ಸಿಂಧ್ ಪ್ರದೇಶದ ಸಕ್ಕರ್ ಎಂಬ ಊರಿಗೆ ನೀರು ಸರಬರಾಜಿನ ಕೆಲಸಕ್ಕೆ ಕಳುಹಿಸಿತು, 1906ರಲ್ಲಿ ಅರೇಬಿಯಾದ ಬಂದರು ಏಡನ್ನಿಗೂ ಕಳುಹಿಸಿತು. ಅಲ್ಲಿಂದಿಲ್ಲಿಗೆ ಎರವಲು ಹೋದ ಅನುಭವವೇ ಅವರನ್ನು ಬೆಳೆಸಿತು ಎಂದು ನನ್ನ ಅನಿಸಿಕೆ.

ಡೊಂಬಿವಲಿಯ ನಿವೃತ್ತ ಅಧಿಕಾರಿ:

ಅಧ್ಯಾಪಕರೇ, ವಿಶ್ವೇಶ್ವರಯ್ಯನವರ ಉದಾಹರಣೆಯನ್ನು ನಾನು ಒಪ್ಪುವುದಿಲ್ಲ. ಅವರು ಸಕ್ಕರಿಗೆ ಹೋದಾಗಲೂ, ಏಡನ್ನಿಗೆ ಹೋದಾಗಲೂ, 1903ರಲ್ಲಿ ಖಡಕವಾಸ್ಲಾ ಜಲಾಶಯಕ್ಕೆ ಸ್ವಯಂಚಾಲಿತ ಬಾಗಿಲುಗಳನ್ನು ಕೂರಿಸಿದಾಗಲೂ ಮಾಡಿದ್ದು ನೀರಿನ ಕೆಲಸವನ್ನೇ. ಊರು ಬದಲಾಯಿತೇ ಹೊರತು ವಿದ್ಯೆ ಬದಲಾಗಲಿಲ್ಲ. ಅದೇ ಸರ್ಕಾರ ಅವರನ್ನು ಆರು ತಿಂಗಳು ಅಬಕಾರಿ ಇಲಾಖೆಯಲ್ಲಿ ಕೂರಿಸಿದ್ದರೆ ಯಾರಿಗೆ ಲಾಭವಾಗುತ್ತಿತ್ತು?

ಕಲೀನಾದಿಂದ, ಲೋಕಾಡಳಿತದ ಅಧ್ಯಾಪಕ:

ತಾವು ಹೇಳಿದ್ದು ಸರಿ, ನಾನು ಎರಡನ್ನೂ ಒಂದೇ ಹಗ್ಗದಲ್ಲಿ ಕಟ್ಟಿದೆ. ಹಾಗೆ ನೋಡಿದರೆ ಮುಲುಂಡಿನವರ ಸಹಾಯಕಿ ಕೇಳುತ್ತಿರುವುದು ವಿಶ್ವೇಶ್ವರಯ್ಯನವರ ಬಗೆಯದೇ. ಪಿಂಚಣಿಯನ್ನು ಬಿಟ್ಟು ಹೋಗುತ್ತಿಲ್ಲ ಅವರು, ಅದೇ ಕಾಗದವನ್ನು ಎದುರು ಬದಿಯಿಂದ ನೋಡಹೋಗುತ್ತಿದ್ದಾರೆ. ಪುಣೆಯ ಸಹೋದರಿಗೆ ಲಾಭವಾದದ್ದೂ ಹಾಗೆಯೇ. ತಾನೇ ಕೊಟ್ಟ ಅಂಕಿಯನ್ನು ಇನ್ನೊಂದು ತುದಿಯಲ್ಲಿ ಕುಳಿತು ಓದಬೇಕಾಗಿ ಬಂದದ್ದರಿಂದ.

ಕುರ್ಲಾದ ಕಾರ್ಮಿಕ ಸಂಘಟನೆಯ ಸದಸ್ಯ:

ಇಲ್ಲಿ ಎಲ್ಲರೂ ಮೇಜಿನ ಮೇಲಿನ ಕೆಲಸದ ಬಗ್ಗೆಯೇ ಮಾತನಾಡುತ್ತಿದ್ದಾರೆ. ನಾನು ಸರ್ಕಾರಿ ಕಾರ್ಯಾಗಾರವೊಂದರಲ್ಲಿ ಫಿಟ್ಟರ್. ನಮ್ಮಲ್ಲಿ ಒಬ್ಬನನ್ನು ಕಲಿಕೆಗೆಂದು ಬೇರೆ ವಿಭಾಗಕ್ಕೆ ಹಾಕಿದರೆ ಅವನ ಪ್ರೋತ್ಸಾಹ ಧನ ಕಡಿಮೆಯಾಗುತ್ತದೆ, ಏಕೆಂದರೆ ಹೊಸ ಕೆಲಸದಲ್ಲಿ ಕೈ ಓಡುವುದಿಲ್ಲ. ಡೆಪ್ಯುಟೇಶನ್ ಮೇಲೆ ಹೋಗುವವರಿಗೆ ಅದೇ ಊರಿನಲ್ಲಾದರೆ ಮೂಲ ವೇತನದ 5%, ಬೇರೆ ಊರಾದರೆ 10% ಭತ್ಯೆ, ಒಂದು ಮಿತಿಯೊಳಗೆ, ಸಿಗುತ್ತದೆ. ಕಚೇರಿಯೊಳಗಿನ ರೊಟೇಶನ್ನಿಗೆ ಬಿಡಿಗಾಸೂ ಇಲ್ಲ. ಕಲಿತದ್ದಕ್ಕೆ ಸಂಬಳ ಏರದಿದ್ದರೆ ಹೋಗಲಿ, ಕಲಿಯುವಾಗ ಇಳಿಯುವುದು ಯಾವ ನ್ಯಾಯ?

ಇನ್ನೊಂದು ಮಾತು. ಮುಂಬಯಿಯಲ್ಲಿ ಕೆಲಸ ಬದಲಾದರೆ ಹೇಗೋ ಸುಧಾರಿಸಿಕೊಳ್ಳಬಹುದು, ಲೋಕಲ್ ರೈಲಿನ ಲೈನ್ ಬದಲಾದರೆ ಆಗುವುದಿಲ್ಲ. ವಿರಾರ್‌ನಲ್ಲಿ ಇರುವವನನ್ನು ಚರ್ಚ್‌ಗೇಟಿನಿಂದ ಬೇಲಾಪುರದ ಕಚೇರಿಗೆ ಹಾಕಿದರೆ ಪಶ್ಚಿಮ ರೈಲ್ವೆ ಬಿಟ್ಟು ಹಾರ್ಬರ್ ಹಿಡಿಯಬೇಕು, ಹೋಗಿಬರಲು ದಿನಕ್ಕೆ ಐದು ಗಂಟೆ ಬೇಕು. ಅವನು ಆರು ತಿಂಗಳಲ್ಲಿ ಕಲಿಯುವುದು ಎಲ್ಲಿ ನಿಂತರೆ ವಾಶಿಯಲ್ಲಿ ಕೂರಲು ಜಾಗ ಸಿಗುತ್ತದೆ ಎಂಬುದನ್ನು ಮಾತ್ರ.

ಠಾಣೆಯಿಂದ, ಮಾಹಿತಿ ತಂತ್ರಜ್ಞಾನ ಉದ್ಯೋಗಿ:

ಅಮೆರಿಕದ ಕೇಂದ್ರ ಸರ್ಕಾರದಲ್ಲಿ ಇದಕ್ಕೆ "ಡೀಟೇಲ್" ಎನ್ನುತ್ತಾರೆ. ನೌಕರ ಬೇರೆ ಕೆಲಸಕ್ಕೆ ಹೋದರೂ ಅವನ ಕಾಯಂ ಹುದ್ದೆ ಹಾಗೂ ವೇತನ ಹಾಗೆಯೇ ಉಳಿಯುತ್ತದೆ, ಅವಧಿಯನ್ನು 120 ದಿನಗಳ ಕಂತುಗಳಲ್ಲಿ ಮಂಜೂರು ಮಾಡುವ ರೂಢಿ ಇದೆ. ಸೈಬರ್ ಭದ್ರತೆಯ ನೌಕರರು ಒಂದು ಇಲಾಖೆಯಿಂದ ಇನ್ನೊಂದಕ್ಕೆ 180 ದಿನದಿಂದ 1 ವರ್ಷದವರೆಗೆ ಹೋಗಿಬರಲು 2022ರಲ್ಲಿ ಒಂದು ಪ್ರತ್ಯೇಕ ಕಾಯ್ದೆಯನ್ನೇ ಮಾಡಿದರು. ಪುಣೆಯ ಮೇಡಂ ಕೇಳುತ್ತಿರುವ "ಮರಳಿ ಬರುವ ಸೀಟು" ಅಲ್ಲಿ ಆ ಪದದ ಅರ್ಥದೊಳಗೇ ಸೇರಿದೆ. ನಮ್ಮಲ್ಲಿ ಹಾಗೆ ಇಲ್ಲದಿರುವುದರಿಂದ ಬಾಯಿಮಾತಿನ ಭರವಸೆಯ ಮೇಲೆ ನಡೆಯಬೇಕಾಗಿದೆ.

ಡೊಂಬಿವಲಿಯ ನಿವೃತ್ತ ಅಧಿಕಾರಿ:

ಬಾಯಿಮಾತಿನ ವ್ಯವಸ್ಥೆಗೆ ನಮ್ಮಲ್ಲೂ ಹೆಸರಿದೆ, "ಲೋನ್ ಬೇಸಿಸ್". ಸಂಬಳ ಒಂದು ಕಚೇರಿಯಿಂದ, ಕೆಲಸ ಇನ್ನೊಂದರಲ್ಲಿ, ಮೂರು ತಿಂಗಳಿಗೆಂದು ಹೋದವರು ಮೂರು ವರ್ಷವಾದರೂ ಬರುವುದಿಲ್ಲ. ನಾನು ಕಂಡ ಒಬ್ಬರು ಲೋನ್ ಬೇಸಿಸ್ ಮೇಲಿದ್ದಾಗಲೇ ನಿವೃತ್ತರಾದರು, ಬೀಳ್ಕೊಡುಗೆ ಯಾವ ಕಚೇರಿ ಮಾಡಬೇಕೆಂಬುದೇ ತಕರಾರಾಗಿ ಕೊನೆಗೆ ಎರಡೂ ಕಡೆ ಶಾಲು ಹೊದಿಸಿದರು.

ಪುಣೆಯಿಂದ, ಕೇಂದ್ರ ಸರ್ಕಾರಿ ಉದ್ಯೋಗಿ:

ಇನ್ನೊಂದು ವಿಷಯ ಬಿಟ್ಟುಹೋಗಿತ್ತು. ವಾರ್ಷಿಕ ಕಾರ್ಯನಿರ್ವಹಣಾ ವರದಿ, ನಮ್ಮ ಅಪಾರ್, ಬರೆಯುವ ಅಧಿಕಾರಿ ಆ ನೌಕರರ ಕೆಲಸವನ್ನು ಕನಿಷ್ಠ ಮೂರು ತಿಂಗಳು ನೋಡಿರಬೇಕು. ರೊಟೇಶನ್ನಿನ ಆರು ತಿಂಗಳು ಮಾರ್ಚ್ 31ರ ಆಚೀಚೆ ಸಮನಾಗಿ ಹಂಚದೆ, ಎರಡು ತಿಂಗಳು ಈ ವರ್ಷಕ್ಕೆ, ನಾಲ್ಕು ತಿಂಗಳು ಮುಂದಿನ ವರ್ಷಕ್ಕೆ ಬಿದ್ದರೆ, ಆ ಎರಡು ತಿಂಗಳ ದುಡಿಮೆಯನ್ನು ಬರೆಯುವವರೇ ಇರುವುದಿಲ್ಲ. ನನಗೆ ಹಾಗೆಯೇ ಆಯಿತು. ಆದ್ದರಿಂದ ಯಾವ ತಾರೀಕಿನಿಂದ ಕಳುಹಿಸುತ್ತೀರಿ ಎಂಬುದನ್ನು ಕ್ಯಾಲೆಂಡರ್ ಮುಂದಿಟ್ಟುಕೊಂಡು ನಿರ್ಧರಿಸಿ. ಲಾಗಿನ್ ವರ್ಗಾಯಿಸುವ ಕೋರಿಕೆಯನ್ನೂ ಆದೇಶದ ದಿನವೇ ಕಳುಹಿಸಿ.

ಗೋರೆಗಾಂವ್‌ನ ಬ್ಯಾಂಕ್ ಅಧಿಕಾರಿ:

ಜೊತೆಗೆ ಚಾರ್ಜ್ ಹಸ್ತಾಂತರದ ಟಿಪ್ಪಣಿ. "ಕಡತಗಳು 214, ಕಪಾಟಿನ ಕೀಲಿ 2" ಎಂದು ಬರೆದು ಸಹಿ ಹಾಕುವ ಟಿಪ್ಪಣಿಯಿಂದ ಏನೂ ಆಗದು. ಹೋಗುವ ಮೊದಲು ಇಬ್ಬರೂ ಒಂದೇ ಕೇಸನ್ನು ಮೊದಲಿಂದ ಕೊನೆಯವರೆಗೆ ಒಟ್ಟಿಗೆ ಕುಳಿತು ಮುಗಿಸಲಿ, ಬರೆಯುವುದು ಹೊಸಬರ ಕೈಯಾಗಿರಲಿ.

ಮುಲುಂಡಿನ ಶಾಖಾಧಿಕಾರಿ:

ಎಲ್ಲರಿಗೂ ಕೃತಜ್ಞತೆಗಳು. ಗಡುವು ಮುಗಿದಿದೆ, ಆದ್ದರಿಂದ ಏನಾಯಿತೆಂದು ತಿಳಿಸುವುದು ನನ್ನ ಕರ್ತವ್ಯ.

ಸಹಾಯಕಿಯ ಹೆಸರನ್ನೇ ಕೊಟ್ಟೆ. ಗೋರೆಗಾಂವ್‌ನವರ ಪ್ರಶ್ನೆಗೆ ನಾನು ಕೊಟ್ಟ ಉತ್ತರವೇ ನನಗೆ ನಾಚಿಕೆ ತಂದಿತು. ಒಬ್ಬರು ಹೋದರೆ ಶಾಖೆ ನಿಂತುಹೋಗುತ್ತದೆ ಎಂಬುದನ್ನು ಇಷ್ಟು ವರ್ಷ ಆಕೆಯ ಹೊಗಳಿಕೆಯೆಂದು ಹೇಳಿಕೊಂಡು ತಿರುಗಿದ್ದೆ, ಅದರಲ್ಲಿ ನನ್ನ ಕೊರತೆಯೂ ಇತ್ತು. ಕಳುಹಿಸಿ ನಿರಾಳವಾಗಬಹುದು ಎಂದು ನಾನು ಬರೆದಿದ್ದ ಇನ್ನೊಬ್ಬರನ್ನು ಆ ಸೀಟಿಗೆ ಜೊತೆಯಾಗಿ ಕೂರಿಸಿದ್ದೇನೆ. ಮೊನ್ನೆ ಅವರಿಬ್ಬರೂ ಸೇವಾ ಪುಸ್ತಕವೊಂದನ್ನು ಕಿಟಕಿಯ ಬೆಳಕಿಗೆ ಹಿಡಿದು, ನೀರು ಬಿದ್ದು ಮಾಸಿದ ಒಂದು ಸಹಿಯ ತಾರೀಕನ್ನು ಓದಲು ಹೆಣಗುತ್ತಿದ್ದರು. ಓದಿದವರು ಹೊಸಬರು. ಹಸಿರು ಡೈರಿಯನ್ನು ಬಿಟ್ಟು ಹೋಗಲು ಮಾತ್ರ ಆಕೆ ಒಪ್ಪಲಿಲ್ಲ. ಅದರಲ್ಲಿ ಮಕ್ಕಳ ಟ್ಯೂಷನ್ ಲೆಕ್ಕವೂ ಇದೆಯಂತೆ. ಬೇಕಾದ ಪುಟಗಳ ನಕಲು ಕೊಟ್ಟಿದ್ದಾರೆ.

ತಾರೀಕು ಜನವರಿ 1ಕ್ಕೆ ಗೊತ್ತಾಗಿದೆ. ಮೂರು ತಿಂಗಳು ಈ ಬದಿ, ಮೂರು ತಿಂಗಳು ಆ ಬದಿ. ಲೆಕ್ಕಪತ್ರ ಶಾಖೆ ಅದೇ ಕಟ್ಟಡದ ನಾಲ್ಕನೆಯ ಮಹಡಿಯಲ್ಲಿರುವುದರಿಂದ ಕುರ್ಲಾದವರ ಲೈನಿನ ತೊಂದರೆ ಇಲ್ಲ. ಭತ್ಯೆಯ ವಿಷಯದಲ್ಲಿ ನನ್ನಿಂದ ಏನೂ ಮಾಡಲಾಗಲಿಲ್ಲ, ಅವರ ಆಕ್ಷೇಪ ಹಾಗೆಯೇ ಉಳಿಯುತ್ತದೆ.

ಪುಣೆಯ ಮೇಡಂ ಹೇಳಿದಂತೆ, "ಅವಧಿ ಮುಗಿದ ನಂತರ ಇವರನ್ನು ಪಿಂಚಣಿ ಸೀಟಿಗೇ ಮರಳಿ ನಿಯೋಜಿಸತಕ್ಕದ್ದು" ಎಂದು ಕರಡಿನಲ್ಲಿ ಬರೆದು ಮೇಲೆ ಕಳುಹಿಸಿದೆ. ಆಡಳಿತ ವಿಭಾಗದವರು ಮೊದಲು ಅದನ್ನು ಹೊಡೆದು ಹಾಕಿದರು. ನಾನೇ ಹೋಗಿ ಮಾತನಾಡಿದ ಮೇಲೆ ಆ ಸಾಲನ್ನು ಉಳಿಸಿ, ಮೊದಲಿಗೆ "ಸಾಧ್ಯವಾದ ಮಟ್ಟಿಗೆ" ಎಂಬ ಎರಡು ಪದ ಸೇರಿಸಿ ಸಹಿ ಹಾಕಿದ್ದಾರೆ.

ಪುಣೆಯಿಂದ, ಕೇಂದ್ರ ಸರ್ಕಾರಿ ಉದ್ಯೋಗಿ:

ಆ ಎರಡು ಪದ ನನ್ನ ಆದೇಶದಲ್ಲೂ ಇದ್ದವು ಸರ್. ಜೂನ್ ಮೊದಲ ವಾರದಲ್ಲೇ ಒಂದು ನೆನಪೋಲೆ ಹಾಕಿಬಿಡಿ, ಕೊನೆಯ ದಿನದವರೆಗೆ ಕಾಯಬೇಡಿ.